ಸೋರುವ ಹೊಸ ಕಾರು, ಗ್ರಾಹಕ ಆಯೋಗ ಮತ್ತು ನಾನು ಕೊಡುವ ಅಂಕ

ಕಾರಿನ ರಿವ್ಯೂ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮೈಲೇಜ್ ಎಷ್ಟು, ಡಿಕ್ಕಿ ಎಷ್ಟು ದೊಡ್ಡದು, ಸ್ಕ್ರೀನ್ ಎಷ್ಟು ಇಂಚು, ಎಲ್ಲ ಹೇಳುತ್ತಾರೆ. ಲಕ್ಷಗಟ್ಟಲೆ ಸುರಿದು ತಂದ ಹೊಸ ಗಾಡಿಯಲ್ಲೇ ದೋಷ ಇದೆ ಅಂತ ಗೊತ್ತಾದ ಮೇಲೆ ಯಾರ ಬಾಗಿಲು ತಟ್ಟಬೇಕು, ಅಲ್ಲಿ ಏನು ಸಿಗುತ್ತೆ ಅಂತ ಬರೆದವರು ಕಮ್ಮಿ. ನಾನು ರಿವ್ಯೂ ಮಾಡುತ್ತಿರುವುದು ಆ ಬಾಗಿಲನ್ನೇ. ಅಂದರೆ 1915 ಹೆಲ್ಪ್‌ಲೈನು, ಆನ್‌ಲೈನ್ ದೂರು, ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗ, ಇವುಗಳ ಹಿಂದೆ ನಿಂತಿರುವ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ. ಕಾರಿನ ಕಂಪನಿ ಹೆಸರು, ಡೀಲರ್ ಹೆಸರು ಬರೆಯುವುದಿಲ್ಲ. ಕೇಳಿ ಮೆಸೇಜ್ ಮಾಡಬೇಡಿ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಶಾಲೆ ಸುಂಟಿಕೊಪ್ಪದ ಕಡೆ, ಮನೆ ಮಾದಾಪುರದ ಹತ್ತಿರ. ಸಣ್ಣದೊಂದು ಕಾಫಿ ತೋಟ ಇದೆ, ಅದನ್ನು ನಮ್ಮವರು ನೋಡಿಕೊಳ್ಳುತ್ತಾರೆ. 2018ರ ಆಗಸ್ಟಿನಲ್ಲಿ ನಮ್ಮ ಸುತ್ತಮುತ್ತ ಗುಡ್ಡ ಜರಿದದ್ದು ನೋಡಿದ ಮೇಲೆ ಮನೆಯಲ್ಲೊಂದು ಗಟ್ಟಿ ಗಾಡಿ ಇರಬೇಕು ಅಂತ ತೀರ್ಮಾನ ಆಗಿತ್ತು. ಮಧ್ಯರಾತ್ರಿ ಮನೆ ಬಿಡಬೇಕಾಗಿ ಬಂದರೆ ಅತ್ತೆಯನ್ನು ಕೂರಿಸಿಕೊಂಡು ಹೊರಡುವ ಹಾಗಿರಬೇಕು. ದುಡ್ಡು ಕೂಡಿಸಿ, ಉಳಿದದ್ದಕ್ಕೆ ಸಾಲ ಮಾಡಿ, ಆಯುಧಪೂಜೆ ಆಫರಿನಲ್ಲಿ ಎತ್ತರದ ಗಾಡಿಯೊಂದನ್ನು ತಂದೆವು. ಬೆಲೆ ಹದಿನೈದು ಲಕ್ಷದ ಮೇಲೆ. ಮೇಲೆ ಸನ್‌ರೂಫ್. ಅಂದರೆ ಚಾವಣಿಯಲ್ಲಿ ತೆರೆದು ಮುಚ್ಚುವ ಗಾಜಿನ ಕಿಂಡಿ. ನಮಗೇನೂ ಅದು ಬೇಕಿರಲಿಲ್ಲ. ಆದರೆ ನಮಗೆ ಬೇಕಾದ ಏರ್‌ಬ್ಯಾಗು, ಬ್ರೇಕು ಎಲ್ಲ ಇರುವ ಮಾಡೆಲ್ಲಿನಲ್ಲಿ ಸನ್‌ರೂಫ್ ಸೇರಿಯೇ ಬರುತ್ತಿತ್ತು. ಈಗಿನ ಕಾರುಗಳೆಲ್ಲ ಹೀಗೇ ಅಲ್ವಾ.

ನವೆಂಬರಿನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಬಿಸಿಲು. ಕಾಫಿ ಕೊಯ್ಲು, ಕಣದ ಕೆಲಸ. ಗಾಡಿ ಚಿನ್ನದ ಹಾಗೆ ಓಡಿತು. ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಂತು. ಕೊಡಗಿನಲ್ಲಿ ಹೂಮಳೆ ಬಿದ್ದ ದಿನ ಎಲ್ಲರ ಮುಖದಲ್ಲೂ ನಗು. ಯಾರ ತೋಟಕ್ಕೆ ಎಷ್ಟು ಇಂಚು ಬಿತ್ತು ಅನ್ನುವುದೇ ಮಾತು. ನಾನು ಅವತ್ತು ಶಾಲೆಯಿಂದ ವಾಪಸ್ ಬರುತ್ತಿದ್ದೆ. ತಲೆ ಮೇಲಿನ ದೀಪದ ಅಂಚಿನಿಂದ ಒಂದು ಹನಿ ನೇರವಾಗಿ ತೊಡೆ ಮೇಲೆ ಬಿತ್ತು. ಮುಂದಿನ ತಿರುವಿನಲ್ಲಿ ಇನ್ನೊಂದು. ಬ್ರೇಕ್ ಹಾಕಿದಾಗ ಒಂದು ಚಮಚ ಆಗುವಷ್ಟು. ಮನೆಗೆ ಬಂದು ಹೇಳಿದರೆ ಅತ್ತೆ ಕೇಳಿದ ಪ್ರಶ್ನೆ: "ಮನೆ ಹೆಂಚು ಸೋರಿದ್ರೆ ಹತ್ತಿ ನೋಡ್ಬಹುದು. ಇದಕ್ಕೆ ಯಾರನ್ನ ಕರೀತೀಯ?"

ಯಾರನ್ನ ಕರೆಯೋದು, ಡೀಲರನ್ನೇ. ಅವರ ವರ್ಕ್‌ಶಾಪ್ ಇರುವುದು ಪಕ್ಕದ ಜಿಲ್ಲೆಯಲ್ಲಿ. ಘಟ್ಟ ಇಳಿದು ಹೋಗಿ, ಗಾಡಿ ಬಿಟ್ಟು, ಬಸ್ಸಿನಲ್ಲಿ ವಾಪಸ್ ಬರಬೇಕು. ಕೌಂಟರಿನಲ್ಲಿ ಮೊದಲ ಮಾತು, "ಸಾರ್ ಬಂದಿಲ್ವಾ ಮೇಡಂ?" ಗಾಡಿ ಓಡಿಸುವವಳು ನಾನು, ಆರ್‌ಸಿಯಲ್ಲಿ ಹೆಸರಿರುವುದು ನನ್ನದು, ನೀರು ಬಿದ್ದದ್ದೂ ನನ್ನ ಮೇಲೆ. ಸಾರ್ ಯಾಕೆ ಬೇಕೋ. ಇರಲಿ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಪೈಪಿನಿಂದ ನೀರು ಹೊಡೆದರು. ಒಳಗೆ ಒಣಗಿಯೇ ಇತ್ತು. "ವಾಟರ್ ಟೆಸ್ಟ್ ಓಕೆ ಮೇಡಂ" ಅಂದರು. ವಾಪಸ್ ತಂದೆ. ಮುಂದಿನ ಮಳೆಗೆ ಮತ್ತೆ ಸೋರಿತು. ಮತ್ತೆ ಹೋದೆ. ರಬ್ಬರ್ ಬದಲಿಸಿದರು. ಮತ್ತೆ ಸೋರಿತು. ಜೂನ್ ಬಂತು. ನಮ್ಮ ಜೂನ್ ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ.

ಜೂನಿನಲ್ಲಿ ಬರೀ ಹನಿಗೆ ನಿಲ್ಲಲಿಲ್ಲ. ಕಾಲಡಿಯ ಕಾರ್ಪೆಟ್ ಒದ್ದೆ, ಒಳಗೆಲ್ಲ ಬೂಷ್ಟಿನ ವಾಸನೆ. ಆಮೇಲೆ ಸೆಂಟ್ರಲ್ ಲಾಕ್ ತನ್ನಷ್ಟಕ್ಕೇ ಬೀಳುವುದು, ಏಳುವುದು ಶುರುವಾಯಿತು. ಒಂದು ರಾತ್ರಿ ಎರಡು ಗಂಟೆಗೆ ಅಲಾರಂ ಕೂಗಿಕೊಂಡಿತು. ತೋಟಕ್ಕೆ ಆನೆ ಬಂತು ಅಂದುಕೊಂಡು ತೋಟದ ಕೆಲಸಗಾರರು ಲೈನ್ ಮನೆಯಿಂದ ಟಾರ್ಚ್ ಹಿಡಿದು ಓಡಿ ಬಂದರು. ಆನೆ ಇರಲಿಲ್ಲ. ಕಾರು ಒಂದೇ ಕೂಗುತ್ತಾ ನಿಂತಿತ್ತು.

ಇಲ್ಲಿ ಸ್ವಲ್ಪ ಸನ್‌ರೂಫ್ ಪಾಠ ಮಾಡುತ್ತೇನೆ. ನನ್ನ ಕೇಸು ನಿಂತದ್ದೇ ಇದರ ಮೇಲೆ. ಸನ್‌ರೂಫ್ ಗಾಜಿನ ಸುತ್ತ ಇರುವ ರಬ್ಬರು ನೀರನ್ನು ಪೂರ್ತಿ ತಡೆಯುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಸ್ವಲ್ಪ ನೀರು ರಬ್ಬರು ದಾಟಿ ಒಳಗೆ ಬಂದೇ ಬರುತ್ತೆ. ಅದಕ್ಕೆ ಅಂತಲೇ ಗಾಜಿನ ಕೆಳಗೆ ಸುತ್ತಲೂ ಚರಂಡಿಯಂಥ ಒಂದು ಸಣ್ಣ ಕಾಲುವೆ ಇರುತ್ತೆ. ಅದರ ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪು ಹೊರಡುತ್ತವೆ. ಮುಂದಿನ ಎರಡು ಪೈಪು ವಿಂಡ್‌ಶೀಲ್ಡ್ ಪಕ್ಕದ ಕಂಬದೊಳಗೆ ಇಳಿದು ಕೆಳಗೆ ನೀರು ಬಿಡುತ್ತವೆ, ಹಿಂದಿನ ಎರಡು ಹಿಂದಿನ ಕಂಬದಲ್ಲಿ. ಇವುಗಳಲ್ಲಿ ಒಂದು ಪೈಪು ಕಟ್ಟಿಕೊಂಡರೆ ಅಥವಾ ಜಾಯಿಂಟಿನಲ್ಲಿ ಬಿಟ್ಟುಕೊಂಡರೆ ನೀರು ಸೀಲಿಂಗಿನ ಬಟ್ಟೆಗೆ ಇಳಿಯುತ್ತೆ. ಅಲ್ಲಿಂದ ದೀಪಕ್ಕೆ, ಕಂಬಕ್ಕೆ, ಕಾರ್ಪೆಟ್ಟಿಗೆ. ಕಾರ್ಪೆಟ್ಟಿನ ಕೆಳಗೆ ವೈರಿಂಗಿನ ಕನೆಕ್ಟರುಗಳು ಇರುತ್ತವೆ. ಲಾಕು, ಅಲಾರಂ ಹುಚ್ಚಾದದ್ದು ಅದಕ್ಕೇ.

ಇದನ್ನು ನನಗೆ ತೋರಿಸಿಕೊಟ್ಟವನು ಡೀಲರ್ ಕಡೆಯವನಲ್ಲ, ನಮ್ಮ ಕಡೆಯ ಒಬ್ಬ ಗ್ಯಾರೇಜ್ ಹುಡುಗ. "ಅಕ್ಕ, ನಾನು ಒಂದು ಸ್ಕ್ರೂನೂ ಮುಟ್ಟಲ್ಲ. ಮುಟ್ಟಿದ್ರೆ ಹೊರಗಡೆ ಬಿಚ್ಚಿಸಿದ್ದೀರಿ, ವಾರಂಟಿ ಇಲ್ಲ ಅಂತಾರೆ" ಅಂದ. ಸನ್‌ರೂಫ್ ತೆರೆದು, ನೀರಿನ ಬಾಟಲಿಯಿಂದ ಮೂಲೆಗೆ ನಿಧಾನಕ್ಕೆ ನೀರು ಬಿಟ್ಟ. ನನಗೆ ಕೆಳಗೆ ಕೂತು ನೋಡಿ ಅಂದ. ಎಡ ಮುಂದಿನ ಮೂಲೆಗೆ ಬಿಟ್ಟ ನೀರು ಎಡ ಚಕ್ರದ ಹಿಂದೆ ಸುರಿಯಿತು. ಹಿಂದಿನ ಎರಡೂ ಸರಿ ಇದ್ದವು. ಬಲ ಮುಂದಿನ ಮೂಲೆಗೆ ಬಿಟ್ಟ. ಕೆಳಗೆ ಒಂದು ಹನಿ ಬರಲಿಲ್ಲ. ಒಳಗೆ ಕಂಬದ ಪ್ಲಾಸ್ಟಿಕ್ ಹಿಂದೆ ಸರಸರ ಸದ್ದು, ಆಮೇಲೆ ಕಾರ್ಪೆಟ್ ಮೇಲೆ ನೀರು. ನಾನು ಇದೆಲ್ಲ ಮೊಬೈಲಿನಲ್ಲಿ ಒಂದೇ ಸಮ, ನಿಲ್ಲಿಸದೆ ವಿಡಿಯೋ ಮಾಡಿದೆ. ನಂಬರ್ ಪ್ಲೇಟಿನಿಂದ ಶುರು ಮಾಡಿ.

ಡೀಲರ್ ಕಡೆ ಯಾಕೆ ಸೋರಲಿಲ್ಲ ಅನ್ನುವುದೂ ಆಗ ಗೊತ್ತಾಯಿತು. ನಮ್ಮ ಮನೆ ಮುಂದೆ ಗಾಡಿ ನಿಲ್ಲುವುದೇ ಇಳಿಜಾರಿಗೆ ಮೂತಿ ಮಾಡಿಕೊಂಡು. ರಾತ್ರಿಯಿಡೀ ಬಿದ್ದ ನೀರೆಲ್ಲ ಮುಂದಿನ ಮೂಲೆಗೇ ಬರುತ್ತೆ. ಸಮತಟ್ಟು ಸಿಮೆಂಟ್ ನೆಲದಲ್ಲಿ ಹತ್ತು ನಿಮಿಷ ಪೈಪ್ ಹಿಡಿದರೆ ಅದು ಹೇಗೆ ಕಾಣಿಸಬೇಕು?

ವಿಡಿಯೋ ತೋರಿಸಿದ ಮೇಲೆ ಕಂಪನಿಯ ವಾದ ಬದಲಾಯಿತು. ಈಗ ತಪ್ಪು ಸಿಲ್ವರ್ ಓಕ್ ಮರದ್ದು. ನೀವು ಮರದ ಕೆಳಗೆ ಗಾಡಿ ನಿಲ್ಲಿಸುತ್ತೀರಿ, ಎಲೆ ಬಿದ್ದು ಪೈಪ್ ಕಟ್ಟಿದೆ, ಇದು ಬಳಕೆದಾರರ ನಿರ್ಲಕ್ಷ್ಯ, ವಾರಂಟಿಗೆ ಬರುವುದಿಲ್ಲ ಅಂತ ಮೇಲ್ ಬಂತು. ಕೊಡಗಿನಲ್ಲಿ ಮರದ ಕೆಳಗಲ್ಲದೆ ಗಾಡಿ ಎಲ್ಲಿ ನಿಲ್ಲಿಸೋದು? ಅದಿರಲಿ, ಕಟ್ಟಿದ ಪೈಪಿನಲ್ಲಿ ನೀರು ಮೇಲೆ ನಿಲ್ಲಬೇಕು. ನಮ್ಮದರಲ್ಲಿ ನೀರು ನಿಲ್ಲದೆ ಇಳಿದು ಹೋಗುತ್ತಿತ್ತು, ಇಳಿಯಬಾರದ ಜಾಗಕ್ಕೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಹೇಳಿದರೂ ಅರ್ಥ ಆಗುತ್ತೆ.

ಇನ್ನು ನಿಜವಾದ ರಿವ್ಯೂಗೆ ಬರುತ್ತೇನೆ. ಮೊದಲು ಕರೆ ಮಾಡಿದ್ದು 1915ಕ್ಕೆ. ರಾಷ್ಟ್ರೀಯ ಗ್ರಾಹಕ ಹೆಲ್ಪ್‌ಲೈನು ಇದು. 17 ಭಾಷೆಯಲ್ಲಿ ದೂರು ತೆಗೆದುಕೊಳ್ಳುತ್ತಾರೆ, ಕನ್ನಡವೂ ಇದೆ. ನಾನು ಕನ್ನಡದಲ್ಲೇ ಹೇಳಿದೆ, ಕೇಳಿಸಿಕೊಂಡರು, ನಂಬರ್ ಕೊಟ್ಟರು. ಇದರ ಮಿತಿ ಗೊತ್ತಿರಲಿ. ಅವರು ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ, ಅಷ್ಟೇ. ಆದೇಶ ಮಾಡುವ ಅಧಿಕಾರ ಇಲ್ಲ. ಸಣ್ಣಪುಟ್ಟ ರೀಫಂಡಿಗೆ ಇದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಹದಿನೈದು ಲಕ್ಷದ ಕಾರಿಗೆ ಕಂಪನಿ ಅದೇ ಎಲೆ ಕಥೆಯನ್ನು ಚೆಂದ ಇಂಗ್ಲಿಷಿನಲ್ಲಿ ಕಳಿಸಿತು. ಆದರೂ ಮಾಡಿ. ಎಲೆಯಿಂದ ಕಟ್ಟಿದೆ ಅನ್ನುವ ಮಾತು ಕಂಪನಿಯ ಕಡೆಯಿಂದ ಬರಹದಲ್ಲಿ ಸಿಕ್ಕಿದ್ದು ಆಮೇಲೆ ನನಗೇ ಉಪಯೋಗಕ್ಕೆ ಬಂತು.

ಆಮೇಲೆ ಆಯೋಗ. ಹಳೆಯ 1986ರ ಕಾಯ್ದೆಯಲ್ಲಿ ಸಾಮಾನ್ಯವಾಗಿ ಎದುರು ಪಾರ್ಟಿ ಇರುವ ಕಡೆ, ಅವರ ಬ್ರಾಂಚ್ ಇರುವ ಕಡೆ ಅಥವಾ ವ್ಯವಹಾರ ನಡೆದ ಕಡೆ ಹೋಗಿ ದೂರು ಕೊಡಬೇಕಿತ್ತು. ಕೊಡಗಿನವರು ದೊಡ್ಡ ಗಾಡಿ ತರುವುದೇ ಮೈಸೂರು, ಮಂಗಳೂರು, ಬೆಂಗಳೂರಿನಿಂದ. ಯಾರು ಅಷ್ಟು ದೂರ ಅಲೆಯುತ್ತಾರೆ ಹೇಳಿ. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ದೂರುದಾರರು ವಾಸ ಇರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮ್ಮಂಥ ಮೂಲೆ ಜಿಲ್ಲೆಯವರಿಗೆ ಇಡೀ ಕಾಯ್ದೆಯಲ್ಲಿ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಕಂಪನಿಯ ವಕೀಲರು ಘಟ್ಟ ಹತ್ತಿ ಮಡಿಕೇರಿಗೆ ಬರಬೇಕು. ಬಂದರು.

ಯಾವ ಆಯೋಗಕ್ಕೆ ಹೋಗಬೇಕು ಅನ್ನುವುದು ನೀವು ಕೊಟ್ಟ ಬೆಲೆಯ ಮೇಲೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ಕಾಯ್ದೆಯಲ್ಲಿ ಮೊದಲು ಜಿಲ್ಲೆಗೆ 1 ಕೋಟಿವರೆಗೆ ಇತ್ತು, 2021ರ ಕೊನೆಯಲ್ಲಿ ನಿಯಮ ತಂದು ಇಳಿಸಿದರು. ಶುಲ್ಕ ಕೇಳಿದರೆ ನಗು ಬರುತ್ತೆ. 5 ಲಕ್ಷದವರೆಗೆ ಏನೂ ಇಲ್ಲ. 5ರಿಂದ 10 ಲಕ್ಷಕ್ಕೆ 200 ರೂಪಾಯಿ. 10ರಿಂದ 20 ಲಕ್ಷಕ್ಕೆ 400. 20ರಿಂದ 50 ಲಕ್ಷಕ್ಕೆ 1,000. ನಾನು ಕಟ್ಟಿದ್ದು 400. ಡೀಲರ್ ಹತ್ತಿರ ಕಾರು ತೊಳೆಸಿದರೂ ಅದಕ್ಕಿಂತ ಜಾಸ್ತಿ ಬಿಲ್ ಬರುತ್ತೆ.

ವಕೀಲರು ಇರಲೇಬೇಕು ಅಂತಿಲ್ಲ. ನೀವೇ ಮಾತಾಡಬಹುದು. ದೂರನ್ನು ಆನ್‌ಲೈನಿನಲ್ಲೂ ಹಾಕಬಹುದು. ಮೊದಲು ಇ-ದಾಖಿಲ್ ಅಂತ ಇತ್ತು, 2025ರ ಜನವರಿಯಿಂದ ಇ-ಜಾಗೃತಿ ಬಂದಿದೆ. ವಿಡಿಯೋ ಕಾನ್ಫರೆನ್ಸ್ ಮೂಲಕ ವಿಚಾರಣೆ ಕೇಳುವುದಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ. ಮಳೆಗಾಲದಲ್ಲಿ ರಸ್ತೆಗೆ ಮರ ಬಿದ್ದ ದಿನ ಇದು ನೆನಪಿರಲಿ. ನಾನು ದೂರು ಬರೆದದ್ದು ನಾನೇ. ಹಾಜರಿಗೆ ಮಾತ್ರ ಪರಿಚಯದ ವಕೀಲರೊಬ್ಬರನ್ನು ಇಟ್ಟುಕೊಂಡೆ. ಮಕ್ಕಳಿಗೆ ಪರೀಕ್ಷೆ ಇರುವಾಗ ನನಗೆ ರಜೆ ಸಿಗುವುದಿಲ್ಲ, ಅಷ್ಟೇ ಕಾರಣ. ಅವರು ಹೇಳಿದ ಎರಡು ಮಾತು ತುಂಬಾ ಉಪಯೋಗ ಆಯಿತು. ಒಂದು, ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಪಾರ್ಟಿ ಮಾಡಿ. ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಇನ್ನೊಂದು, ಬ್ಯಾಂಕಿನ ಕಂತು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಕಾರು ಕೆಟ್ಟಿದ್ದಕ್ಕೂ ಸಾಲಕ್ಕೂ ಸಂಬಂಧ ಇಲ್ಲ, ಬ್ಯಾಂಕಿನವರು ಗಾಡಿಯನ್ನೇ ಎತ್ತಿಕೊಂಡು ಹೋದರೆ ತೋರಿಸುವುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ನೋಟಿಸ್ ಹೋದ ಮೇಲೆ ಎದುರು ಪಾರ್ಟಿಗೆ ಉತ್ತರ ಕೊಡಲು 30 ದಿನ. ಆಯೋಗ ಬೇಕಾದರೆ ಇನ್ನೂ 15 ದಿನ ಕೊಡಬಹುದು. ಅದಕ್ಕಿಂತ ಒಂದು ದಿನವೂ ಜಾಸ್ತಿ ಇಲ್ಲ ಅಂತ ಸುಪ್ರೀಂ ಕೋರ್ಟಿನ ಐವರ ಪೀಠ 2020ರಲ್ಲೇ ಹೇಳಿದೆ. ಅದು ಹಳೆಯ ಕಾಯ್ದೆಯ ಕೇಸು, ಹೊಸದರಲ್ಲೂ ಅದೇ 30, ಅದೇ 15. ಕಂಪನಿ ಕಡೆಯವರು ಕೊನೆಯ ಗಳಿಗೆಯಲ್ಲಿ ಉತ್ತರ ಹಾಕಿದರು. ಅದರಲ್ಲಿ ಎಲೆ ಕಥೆ ಇತ್ತು, ಜೊತೆಗೆ ಹೊಸದೊಂದು ಸೇರಿಕೊಂಡಿತ್ತು: ಈಕೆ ಗ್ರಾಹಕಿಯೇ ಅಲ್ಲ!

ಹೇಗೆ ಅಂದರೆ, ಕಾಯ್ದೆ ಪ್ರಕಾರ ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ನಾನು ಕಳಿಸಿದ್ದ ಫೋಟೋ ಒಂದರಲ್ಲಿ ಡಿಕ್ಕಿಯಲ್ಲಿ ಕಾಫಿ ಮೂಟೆ ಇತ್ತು. ಅದನ್ನೇ ಹಿಡಿದುಕೊಂಡು, ಇವರದು ಎಸ್ಟೇಟು, ಗಾಡಿ ಕಾಫಿ ವ್ಯಾಪಾರಕ್ಕೆ ಅಂದರು. ಮನೆ ಕಾಫಿ ಬೀಜ ಹುರಿಸಲು ಒಯ್ದ ಅರ್ಧ ಮೂಟೆಗೆ ಇಷ್ಟು ಮರ್ಯಾದೆ ಸಿಗುತ್ತೆ ಅಂತ ಗೊತ್ತಿರಲಿಲ್ಲ. ನನ್ನದು ಬಿಳಿ ಬೋರ್ಡು, ದಿನಾ ಶಾಲೆಗೆ ಹೋಗಿ ಬರುವ ಗಾಡಿ. ಆದ್ದರಿಂದ ಆ ವಾದ ಜೋರಾಗಿ ನಿಲ್ಲಲಿಲ್ಲ. ಆದರೆ ಕೊಡಗಿನಲ್ಲಿ ಇದು ತಮಾಷೆ ವಿಷಯ ಅಲ್ಲ. ಹೋಂಸ್ಟೇ ಇಟ್ಟವರು, ಹಳದಿ ಬೋರ್ಡಿನ ಜೀಪಿಟ್ಟು ಪ್ರವಾಸಿಗರನ್ನು ಕರೆದೊಯ್ಯುವವರು, ಪಿಕಪ್ ಇಟ್ಟವರು ಎಷ್ಟು ಜನ ಇಲ್ಲ. ಅವರಿಗೆ ಕಾಯ್ದೆಯಲ್ಲೇ ಒಂದು ಕಿಟಕಿ ಇಟ್ಟಿದ್ದಾರೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಅಂತಲೇ ಕೊಂಡು ಬಳಸಿದರೆ ಅದು ವ್ಯಾಪಾರದ ಉದ್ದೇಶ ಆಗುವುದಿಲ್ಲ. ಒಂದೇ ಜೀಪು, ತಾನೇ ಓಡಿಸುತ್ತಾನೆ ಅನ್ನುವವನು ಗ್ರಾಹಕ. ಹತ್ತು ಗಾಡಿ ಇಟ್ಟು ಡ್ರೈವರುಗಳಿಗೆ ಸಂಬಳ ಕೊಡುವವರ ಕಥೆ ಬೇರೆ. ಹೊಟ್ಟೆಪಾಡಿಗೆ ಗಾಡಿ ಇಟ್ಟವರು ಆ ಮಾತನ್ನು ದೂರಿನ ಮೊದಲ ಪುಟದಲ್ಲೇ ಬರೆದುಬಿಡಿ.

ಇನ್ನು ದೋಷವನ್ನು ಸಾಬೀತು ಮಾಡುವ ವಿಷಯ. ಜನ ಸೋಲುವುದು ಇಲ್ಲೇ. ಕಾರು ಸರಿ ಇಲ್ಲ ಅಂತ ಎಷ್ಟು ಅತ್ತುಕೊಂಡರೂ ಸಾಲದು, ತಯಾರಿಕೆಯಲ್ಲೇ ದೋಷ ಇದೆ ಅಂತ ತೋರಿಸಬೇಕು. ಪರೀಕ್ಷೆ ಮಾಡದೆ ಗೊತ್ತಾಗದ ದೋಷ ಆದರೆ ಆಯೋಗವೇ ಅದನ್ನು ಪರೀಕ್ಷೆಗೆ ಕಳಿಸಬಹುದು, 45 ದಿನದಲ್ಲಿ ವರದಿ ಕೇಳಬಹುದು. ಪರೀಕ್ಷೆಯ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕು. ಕಾಯ್ದೆ ಪ್ರಕಾರ ಸಾಮಾನ್ಯ ಕೇಸು ನೋಟಿಸ್ ತಲುಪಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು. ದೇಶದಲ್ಲಿ ಎಲ್ಲ ಕಡೆ ಹಾಗೇ ಮುಗಿಯುತ್ತೆ ಅಂತ ನಂಬಿಕೊಂಡು ಕೂರಬೇಡಿ. ನಾವು ಸ್ವತಂತ್ರ ತಜ್ಞರಿಂದ ಪರೀಕ್ಷೆ ಮಾಡಿಸಿ ಅಂತ ಅರ್ಜಿ ಹಾಕಿದೆವು. ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿಯೇ ಪರೀಕ್ಷಿಸಬೇಕು ಅಂತ ಅದರಲ್ಲೇ ಬರೆದೆ. ಗಣಿತದ ಟೀಚರ್ ಅಲ್ವಾ, ಕೋನ ಎಷ್ಟು ಅಂತಾನೂ ಅಳೆದು ಹಾಕಿದ್ದೆ.

ನೀವು ಎಂಜಿನಿಯರ್ ಆಗಿರಬೇಕು ಅಂತ ಕಾನೂನು ಕೇಳುವುದಿಲ್ಲ ಅನ್ನುವುದಕ್ಕೆ ಒಂದು ಒಳ್ಳೆಯ ತೀರ್ಪು ಇದೆ. 2022ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಹುಂಡೈ ಕ್ರೆಟಾ ಕೇಸಿನಲ್ಲಿ ಹೇಳಿದ್ದು. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಳ್ಳಲಿಲ್ಲ. ಕಂಪನಿ, ಅಷ್ಟು ಜೋರಾಗಿ ಗುದ್ದಿಲ್ಲ ಅಂದಿತು. ಗುದ್ದುವಿಕೆಯ ವೇಗ, ಬಲ ಎಲ್ಲ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತ ಆಗಿರಬೇಕಿಲ್ಲ ಅನ್ನುವ ಅರ್ಥದಲ್ಲಿ ಕೋರ್ಟ್ ಉತ್ತರ ಕೊಟ್ಟು, ಗ್ರಾಹಕರ ಪರ ಇದ್ದ ಆದೇಶವನ್ನು ಎತ್ತಿ ಹಿಡಿಯಿತು.

ಆದರೆ ಇನ್ನೊಂದು ಮುಖವೂ ಇದೆ, ಅದನ್ನು ಬಚ್ಚಿಡುವುದಿಲ್ಲ. "ಹೊಸ ಕಾರೇ ಕೊಡಿಸ್ತಾರಾ?" ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದರು. ಕಾಯ್ದೆಯಲ್ಲಿ ಎಲ್ಲ ಇದೆ: ದೋಷ ಸರಿ ಮಾಡಿಸುವುದು, ಬೇರೆ ಹೊಸದು ಕೊಡಿಸುವುದು, ಹಣ ವಾಪಸ್ ಕೊಡಿಸುವುದು, ಪರಿಹಾರ ಕೊಡಿಸುವುದು. ಆದರೆ 2006ರ ಮಾರುತಿ ಉದ್ಯೋಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸಿ ಕೊಡುತ್ತೇವೆ ಅಂತ ಇದ್ದರೆ ಭಾಗವನ್ನೇ ಬದಲಿಸಬೇಕು, ಇಡೀ ಕಾರನ್ನಲ್ಲ ಅಂದಿದೆ. ಕಂಪನಿ ವಕೀಲರು ಯಾವಾಗಲೂ ಹಿಡಿದುಕೊಂಡು ಬರುವುದು ಇದನ್ನೇ. ಇದಕ್ಕೆ ಎದುರಾಗಿ ನಮ್ಮ ಕೈಯಲ್ಲಿರುವುದು 2010ರ ಫಿಯಟ್ ಕೇಸು. ಅದರಲ್ಲಿ, ಸ್ವತಂತ್ರ ತಜ್ಞರು ತಯಾರಿಕೆಯಲ್ಲೇ ದೋಷ ಇದೆ ಅಂದರೆ ಕಾರಿನ ಬೆಲೆ, ಜೀವಿತಾವಧಿ ತೆರಿಗೆ, ಕಂತು ಎಲ್ಲ ಬಡ್ಡಿ ಸಮೇತ ವಾಪಸ್ ಅಂತ ಆಗಿತ್ತು. ತೆರಿಗೆ ಅನ್ನುವ ಪದ ಗಮನಿಸಿ. ಕರ್ನಾಟಕದಲ್ಲಿ ತೆರಿಗೆ ಸಣ್ಣ ದುಡ್ಡಲ್ಲ. ದೂರಿನಲ್ಲಿ ಶೋರೂಂ ಬೆಲೆ ಮಾತ್ರ ಕೇಳಿದರೆ ಅದಷ್ಟೇ ಲೆಕ್ಕಕ್ಕೆ ಬರುತ್ತೆ. ತೆರಿಗೆ, ವಿಮೆ, ಬಡ್ಡಿ, ಓಡಾಟದ ಖರ್ಚು, ಎಲ್ಲ ಬೇರೆ ಬೇರೆಯಾಗಿ ಬರೆದು ಕೇಳಿ.

ನಮ್ಮ ಕೇಸಿನಲ್ಲಿ ತಜ್ಞರ ಪರೀಕ್ಷೆಗೆ ಆಯೋಗ ಒಪ್ಪಿದ ಮೇಲೆ ಕಂಪನಿಯವರ ರಾಗವೇ ಬದಲಾಯಿತು. ಮಧ್ಯಸ್ಥಿಕೆಗೆ ತಯಾರಿದ್ದೇವೆ ಅಂದರು. ಹೊಸ ಕಾಯ್ದೆಯಲ್ಲಿ ಇದಕ್ಕೂ ದಾರಿ ಇದೆ, ಇಬ್ಬರೂ ಒಪ್ಪಿದರೆ ಆಯೋಗ ಮಧ್ಯಸ್ಥಿಕೆಗೆ ಕಳಿಸುತ್ತೆ. ವಕೀಲರು ನನ್ನನ್ನು ಕೇಳಿದರು, "ಮೇಡಂ, ಹಠ ಬೇಕಾ, ಗಾಡಿ ಬೇಕಾ?" ಕೇಸು ಗೆದ್ದರೂ ಕಂಪನಿ ರಾಜ್ಯ ಆಯೋಗಕ್ಕೆ ಅಪೀಲು ಹೋಗಬಹುದು. 45 ದಿನ ಸಮಯ ಇದೆ, ಆದೇಶದ ಅರ್ಧ ಹಣ ಠೇವಣಿ ಇಟ್ಟರೆ ಸಾಕು. ದೊಡ್ಡ ಕಂಪನಿಗೆ ಅದು ಯಾವ ಲೆಕ್ಕ? ನನಗೆ ಮುಂದಿನ ಮಳೆಗಾಲದೊಳಗೆ ಸೋರದ ಗಾಡಿ ಬೇಕಿತ್ತು.

ಕೊನೆಗೆ ಆದದ್ದು ಇಷ್ಟು. ಸನ್‌ರೂಫಿನ ಇಡೀ ಅಸೆಂಬ್ಲಿ, ನಾಲ್ಕೂ ಪೈಪು, ಸೀಲಿಂಗು, ಕಾರ್ಪೆಟ್ಟು, ನೆನೆದ ಕಡೆಯ ವೈರಿಂಗು, ಎಲ್ಲ ಹೊಸದು. ವಾರಂಟಿ ವಿಸ್ತರಣೆ. ಓಡಾಟಕ್ಕೆ, ಮನಸ್ಸು ಕೆಟ್ಟದ್ದಕ್ಕೆ ಅಂತ ಒಂದು ಮೊತ್ತ, ಎಷ್ಟು ಅಂತ ಹೊರಗೆ ಹೇಳಬಾರದು ಅಂತ ಒಪ್ಪಂದ. ನಾನು ಹಾಕಿಸಿದ ಒಂದು ಷರತ್ತು ಹೇಳುತ್ತೇನೆ: ಕೆಲಸ ಮುಗಿದ ಮೇಲೆ ಪರೀಕ್ಷೆ ನಡೆಯಬೇಕಾದದ್ದು ನಮ್ಮ ಮನೆಯ ಇಳಿಜಾರಿನಲ್ಲಿ. ಕಂಪನಿಯ ಎಂಜಿನಿಯರ್ ಬಂದರು. ಕಂಬದ ಪ್ಲಾಸ್ಟಿಕ್ ಬಿಚ್ಚಿದಾಗ ಹಳೆಯ ಪೈಪು ಹೇಗಿತ್ತು ಅಂತ ಕೇಳಿದೆ. ತಲೆ ತಗ್ಗಿಸಿ, "ಫ್ಯಾಕ್ಟರಿಯಲ್ಲಿ ಸರಿಯಾಗಿ ಕೂತಿರಲಿಲ್ಲ ಮೇಡಂ, ಎಲೆ ಏನೂ ಇರಲಿಲ್ಲ" ಅಂದರು. ಅತ್ತೆ ಅವರಿಗೆ ಕಾಫಿ ಕೊಟ್ಟರು. ಕೊಡಬಾರದಿತ್ತು ಅಂತ ನನಗೆ ಅನ್ನಿಸಿತು, ಆದರೆ ಪಾಪ ಅವನದ್ದೇನು ತಪ್ಪು.

ರೀಕಾಲ್ ಬಗ್ಗೆ ಚಿಕ್ಕದಾಗಿ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 110ಎ ಅನ್ನುವ ಕಲಂ ಬಂತು, ನಿಯಮ 2021ರ ಏಪ್ರಿಲ್ 1ರಿಂದ. ಅಪಾಯ ತರುವ ದೋಷದ ಗಾಡಿಗಳನ್ನು ವಾಪಸ್ ಕರೆಸಲು ಸರ್ಕಾರ ಕಂಪನಿಗೆ ಹೇಳಬಹುದು, 10 ಲಕ್ಷದಿಂದ 1 ಕೋಟಿವರೆಗೆ ದಂಡವೂ ಇದೆ. ಏಳು ವರ್ಷದೊಳಗಿನ ಗಾಡಿಗಳಿಗೆ ಇದು. ಆದರೆ ಒಂದೇ ಥರದ ದೂರು ತುಂಬಾ ಜನರಿಂದ ಬರಬೇಕು. ಒಬ್ಬಳ ಕಾರು ಸೋರಿದರೆ ಆಗುವ ಕೆಲಸ ಅಲ್ಲ. ಬ್ರೇಕು, ಸ್ಟೀರಿಂಗು, ಬೆಂಕಿ ಇಂಥದ್ದಾದರೆ ವಾಹನ್ ಪೋರ್ಟಲಿನಲ್ಲಿ ದೂರು ಹಾಕಿ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಅಣ್ಣನ ಮಗ ಇದೆಲ್ಲ ಕೇಳಿ ನಕ್ಕ. ಅಲ್ಲಿ ರಿಪೇರಿಯಾದರೂ ಸರಿಹೋಗದ ಹೊಸ ಗಾಡಿ ಕೊಂಡವರಿಗೆ ಅಂತಲೇ ಲೆಮನ್ ಲಾ ಅನ್ನುವ ಕಾನೂನು ಇದೆಯಂತೆ. ಅಮೆರಿಕದಲ್ಲಿ ಆ ಹೆಸರಿನ ಕಾನೂನು ಮೊದಲು ತಂದದ್ದು ಕನೆಕ್ಟಿಕಟ್ ರಾಜ್ಯ, 1982ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಹೊಸ ಗಾಡಿ ಕೊಂಡ 18 ತಿಂಗಳು ಅಥವಾ 18,000 ಮೈಲಿ ಒಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿ ಆಗಿ ಸರಿಹೋಗದಿದ್ದರೆ, ಪ್ರಾಣಕ್ಕೆ ಅಪಾಯ ಇರುವ ದೋಷಕ್ಕೆ ಎರಡೇ ಸಲ, ಅಥವಾ ಗಾಡಿ ಒಟ್ಟು 30 ದಿನಕ್ಕಿಂತ ಜಾಸ್ತಿ ವರ್ಕ್‌ಶಾಪಿನಲ್ಲೇ ಇದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಕೊಟ್ಟಾಯಿತು ಅಂತ ಕಾನೂನೇ ಊಹೆ ಮಾಡಿಕೊಳ್ಳುತ್ತೆ. ನಮ್ಮ ಕಾಯ್ದೆಯಲ್ಲಿ ಇಂಥ ಲೆಕ್ಕ ಇಲ್ಲ. ನನಗೆ ಹೊಟ್ಟೆಕಿಚ್ಚು ಆದದ್ದು ಈ ಒಂದು ವಿಷಯಕ್ಕೆ. ಎಷ್ಟು ಸಲ ಹೋದರೆ ಸಾಕು ಅಂತ ಕಾನೂನು ಹೇಳಿಬಿಟ್ಟರೆ "ಇನ್ನೊಂದು ಸಲ ತನ್ನಿ ಮೇಡಂ, ನೋಡೋಣ" ಅನ್ನುವ ಆಟವೇ ನಿಂತು ಹೋಗುತ್ತೆ.

ಆ ಆಟಕ್ಕೆ ನಮ್ಮಲ್ಲಿ ಇರುವ ಒಂದೇ ಔಷಧಿ ಜಾಬ್ ಕಾರ್ಡ್. ಗಾಡಿ ಬಿಡುವಾಗ ಅವರು ಬರೆಯುವ ಆ ಹಾಳೆ. ನೀವು "ಮಳೆ ಬಂದಾಗ ಬಲ ಮುಂದಿನ ಕಂಬದಿಂದ ನೀರು" ಅಂದರೆ ಅವರು "ಜನರಲ್ ಚೆಕಪ್" ಅಂತ ಟೈಪ್ ಮಾಡುತ್ತಾರೆ. ಆಮೇಲೆ ಕಂಪ್ಯೂಟರಿನಲ್ಲಿ ನಿಮ್ಮ ಗಾಡಿಗೆ ದೂರೇ ಇಲ್ಲ, ಬರೀ ಚೆಕಪ್. ನಾನು ಪ್ರತಿ ಸಲ ಸ್ಕ್ರೀನ್ ನನ್ನ ಕಡೆ ತಿರುಗಿಸಿ ಅನ್ನುತ್ತಿದ್ದೆ. ನನ್ನ ಮಾತಿನಲ್ಲೇ ಬರೆಯಿಸಿ, "ಹಿಂದೆಯೂ ಇದೇ ದೂರು" ಅಂತ ಸೇರಿಸಿ, ಪ್ರಿಂಟ್ ತೆಗೆದುಕೊಂಡು ಆಮೇಲೇ ಕೀ ಕೊಡುತ್ತಿದ್ದೆ. ಹಿಂದೆ ನಿಂತವರು ಗೊಣಗುತ್ತಿದ್ದರು. ಗೊಣಗಲಿ. ಆಯೋಗದಲ್ಲಿ ಕಂಪನಿಯ ವಕೀಲರು ಉತ್ತರ ಕೊಡಲಾಗದೆ ನಿಂತದ್ದು ಆ ಹಾಳೆಗಳ ಮುಂದೆ. ಮತ್ತೊಂದು, ಕಾಲಮಿತಿ ಎರಡು ವರ್ಷ, ಅದು ದೋಷ ಕಂಡಾಗಿನಿಂದ ಲೆಕ್ಕ. ವಾರಂಟಿ ಐದು ವರ್ಷ ಇದೆ ಅಂತ ಸುಮ್ನೆ ಕೂತರೆ ತೊಂದರೆ.

ಅಂಕ ಕೊಡುವುದಾದರೆ, ಕಾಯ್ದೆಗೆ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ಆ ರಿಪೇರಿ ಲೆಕ್ಕ ಇಲ್ಲದ್ದಕ್ಕೆ. ಮನೆ ಜಿಲ್ಲೆಯಲ್ಲೇ ದೂರು ಕೊಡುವ ಅನುಕೂಲಕ್ಕೆ ಐದಕ್ಕೆ ಐದು. ಮಡಿಕೇರಿಯ ಆಯೋಗದಲ್ಲಿ ನನ್ನನ್ನು ಕೂರಿಸಿ, ಅರ್ಥ ಆಗುವ ಕನ್ನಡದಲ್ಲಿ ಕೇಳಿದರು, ವಿಡಿಯೋ ಪೂರ್ತಿ ನೋಡಿದರು. ಅದಕ್ಕೂ ನಾಲ್ಕೂವರೆ. ಹೆಲ್ಪ್‌ಲೈನಿಗೆ ಮೂರು. ಕಂಪನಿಗೆ ಒಂದು, ಅದೂ ಮನೆಗೆ ಬಂದು ನಿಜ ಹೇಳಿದ ಆ ಎಂಜಿನಿಯರ್ ಲೆಕ್ಕಕ್ಕೆ. ಡೀಲರ್ ಬಗ್ಗೆ ಯೋಚನೆ ಮಾಡುತ್ತಿದ್ದೆ. ಗಾಡಿ ವಾಪಸ್ ಕೊಡುವ ದಿನ ಅದೇ ಕೌಂಟರಿನ ಹುಡುಗ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಮೇಡಂ, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ, ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ." ಕಾಲ್ ಬಂತು. ಎರಡು ಕೊಟ್ಟೆ. ಕಾರಣ ಏನು ಅಂತ ಕೇಳಿದರು, ಜಾಬ್ ಕಾರ್ಡ್ ನಂಬರುಗಳನ್ನು ಒಂದೊಂದಾಗಿ ಓದಿ ಹೇಳಿದೆ.